ಮೂವತ್ತು ದಿನದ ಡ್ಯೂಟಿ ಪಟ್ಟಿ

ಫೆಬ್ರವರಿ ೩

ಡ್ರೈವರ್ ಅಣ್ಣನಿಗೆ,

ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀವೇ ಊಹಿಸಿಕೊಂಡು ಉತ್ತರ ಕೊಡುತ್ತೀರಿ. ಮೂವತ್ತು ವರ್ಷ ಇಂಜಿನ್ನಿನ ಪಕ್ಕ ಕೂತವರ ಕಿವಿಯ ಹಣೆಬರಹವೇ ಅಷ್ಟು. ಹಾಗಾಗಿ ಕಾಗದವೇ ವಾಸಿ.

ನೀವು ನಿವೃತ್ತರಾಗಿ ಮಗಳ ಊರಿಗೆ ಹೋದ ಮೇಲೆ ನಮ್ಮ ಹದಿನಾಲ್ಕನೇ ನಂಬರ್ ಬಸ್ಸಿಗೆ ಬಂದಿರುವ ಪುಣ್ಯಾತ್ಮನ ಬಗ್ಗೆ ಹೇಳಲೇಬೇಕು. ಚೇಳು ಕಂಡವನ ಹಾಗೆ ಬ್ರೇಕ್ ಮೆಟ್ಟುತ್ತಾನೆ. ಹೋದ ಮಂಗಳವಾರ ನೀರಿನ ಟ್ಯಾಂಕಿನ ತಿರುವಿನಲ್ಲಿ ಒಂದು ನಾಯಿ ಅಡ್ಡ ಬಂತು. ನಾಯಿ ಉಳಿಯಿತು. ನಾನು ಮೂರನೇ ಸೀಟಿನಿಂದ ಹಾರಿ ಬಾಗಿಲ ಕಂಬಿಗೆ ಬಡಿದುಕೊಂಡೆ. ಹತ್ತೊಂಬತ್ತು ವರ್ಷ ನಿಮ್ಮ ಹಿಂದೆ ನಿಂತು ಟಿಕೆಟ್ ಹರಿದಿದ್ದೇನೆ, ಒಂದು ದಿನವೂ ಕಂಬಿ ಹಿಡಿದವಳಲ್ಲ. ಈಗ ಎರಡು ಕೈಯೂ ಕಂಬಿಗೇ ಬೇಕು.

ಪಕ್ಕೆಲುಬು ಸ್ವಲ್ಪ ಬಿರುಕು ಬಿಟ್ಟಿದೆ, ತಾನಾಗಿಯೇ ಕೂಡುತ್ತದಂತೆ. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಏನೋ ಒಂದು ಚುಕ್ಕೆಯೂ ಇದೆಯಂತೆ, ಇನ್ನೊಮ್ಮೆ ಬನ್ನಿ ಎಂದಿದ್ದಾರೆ. ನಮ್ಮ ಟೈಂ ಕೀಪರ್, ಡಿಪೋಗೆಲ್ಲ ‘ಗಡಿಯಾರ’ ಆದವನು, ನಿಮ್ಮನ್ನು ಕೇಳಿದ ಎಂದು ತಿಳಿಸಲು ಹೇಳಿದ್ದಾನೆ. ಅವನ ಮೂಗಿನ ಮೇಲೆ ಈಗ ಎರಡು ಕನ್ನಡಕ, ಒಂದು ಓದಲು, ಒಂದು ನಮ್ಮನ್ನು ಗದರಿಸಲು.

ಕಂಡಕ್ಟರಮ್ಮ

*

ಫೆಬ್ರವರಿ ೧೨

ಕಂಡಕ್ಟರಮ್ಮನಿಗೆ,

ಬ್ರೇಕಿನ ಬಗ್ಗೆ ಅಷ್ಟುದ್ದ ಬರೆದಿದ್ದೀಯ, ಚುಕ್ಕೆಯ ಬಗ್ಗೆ ಒಂದೇ ಸಾಲು. ನಿನ್ನ ಕೈಬರಹ ನನಗೆ ಗೊತ್ತಿಲ್ಲವೇ? ಮುಖ್ಯವಾದದ್ದನ್ನು ನೀನು ಯಾವಾಗಲೂ ಸಣ್ಣ ಅಕ್ಷರದಲ್ಲಿ ಬರೆಯುತ್ತೀಯ.

ಚುಕ್ಕೆ ಎಷ್ಟು ದೊಡ್ಡದು, ಯಾರು ನೋಡಿದರು, ಏನೆಂದರು, ಮತ್ತೆ ಯಾವಾಗ ಹೋಗುತ್ತೀಯ, ಇವಿಷ್ಟನ್ನು ಬರೆ. ಕೆಮ್ಮು ಇದೆಯೇ?

ಇಲ್ಲಿ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಬೆಳಿಗ್ಗೆ ಹೊತ್ತು ಕಲಿಸಲು ಹೋಗುತ್ತಿದ್ದೇನೆ. ಕಲಿಯುವವರ ಪೈಕಿ ಒಬ್ಬ ದಂತವೈದ್ಯ ಇದ್ದಾನೆ. ಗೇರ್ ಹಾಕುವಾಗ ಹಲ್ಲು ಕೀಳುವವನ ಹಾಗೆಯೇ ಎಳೆಯುತ್ತಾನೆ. ಮಗಳು ಕ್ಷೇಮ. ಸಿಗರೇಟು ಬಿಟ್ಟು ಏಳನೇ ವರ್ಷ. ಆ ಹೊಸ ಡ್ರೈವರನಿಗೆ ಹೇಳು, ಬ್ರೇಕು ಇರುವುದು ಕಾಲಿನಲ್ಲಲ್ಲ, ಕಣ್ಣಿನಲ್ಲಿ.

ಅಣ್ಣ

*

ಮಾರ್ಚ್ ೨

ಅಣ್ಣ,

ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಸ್ಕ್ಯಾನ್ ಮಾಡಿದರು, ಬೆನ್ನಿನಿಂದ ಸೂಜಿ ಹಾಕಿ ಒಂದು ಚೂರು ತೆಗೆದು ನೋಡಿದರು. ಕ್ಯಾನ್ಸರ್. ಗಾಬರಿಯಾಗಬೇಡಿ, ಆರಂಭದ ಹಂತವಂತೆ. ಅಂಗಿಯ ಗುಂಡಿಯಷ್ಟಿದೆ. ಆರಂಭ ಎಂದರೆ ಬೇಕಾದಷ್ಟು ಸಮಯವಿದೆ ಎಂದೇ ಅಲ್ಲವೇ? ಆಪರೇಷನ್ ಮಾಡುವ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಬಲ ಶ್ವಾಸಕೋಶದ ಮೇಲಿನ ಭಾಗವನ್ನು ತೆಗೆದರೆ ಬಹುಶಃ ಅಲ್ಲಿಗೇ ಮುಗಿಯಿತು ಎಂದರು. ಮನೆಯಲ್ಲಿ ಯಾರು ಸೇದುತ್ತಾರೆ ಎಂದು ಕೇಳಿದರು. ಮನೆಯಲ್ಲಿ ಯಾರೂ ಇಲ್ಲ ಎಂದೆ. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹನ್ನೆರಡು ವರ್ಷ ಹೊಗೆ ಬಿಟ್ಟ ಮಹಾನುಭಾವರ ವಿಷಯ ಎತ್ತಲಿಲ್ಲ. ನನ್ನ ಉಪಕಾರ ನೆನಪಿರಲಿ.

ಒಂದು ಫಾರಂ ತುಂಬಿಸಿಕೊಂಡರು. ಜೊತೆಗಿರುವವರ ಹೆಸರು, ಸಂಬಂಧ. ಆಪರೇಷನ್ ಆದ ಮೇಲೆ ಒಂದು ತಿಂಗಳು ಮನೆಯಲ್ಲಿ ಒಬ್ಬರು ಇರಬೇಕಂತೆ. ಮದುವೆಯಾಗಲಿಲ್ಲ, ಅಮ್ಮ ಹೋಗಿ ಆರು ವರ್ಷವಾಯಿತು. ಸುಳ್ಳು ಬರೆಯಲಾಗುತ್ತದೆಯೇ? ಯಾರೂ ಇಲ್ಲ ಎಂದೇ ಬರೆದೆ.

ಇನ್ನು ಆ ಆಸ್ಪತ್ರೆಯ ಕಾಯುವ ಕೋಣೆಯ ಕತೆ ಕೇಳಿ. ಉಸಿರಿನ ಪರೀಕ್ಷೆಗೆಂದು ಕರೆದಿದ್ದರು. ನನ್ನದು ಮೂವತ್ತೊಂದನೇ ಟೋಕನ್. ಪಕ್ಕದಲ್ಲಿದ್ದ ಮುದುಕರದು ಐವತ್ತು. ಯಾವ ಊರು ಎಂದೆ. ಹೇಳಿದರು. ಆ ಊರಿಗೆ ಕೊನೆಯ ಬಸ್ಸು ಎರಡು ನಲವತ್ತಕ್ಕೆ, ತಪ್ಪಿದರೆ ನಾಳೆಯೇ. ನನ್ನ ಟೋಕನ್ ಅವರಿಗೆ ಕೊಟ್ಟು ಅವರದನ್ನು ನಾನು ಇಟ್ಟುಕೊಂಡೆ. ಆಮೇಲೆ ಕಂಕುಳಲ್ಲಿ ಮಗು ಇದ್ದವಳೊಬ್ಬಳು, ಅವಳಿಗೆ ಮೂರು ಹತ್ತರ ಬಸ್ಸು. ಒಂದು ಗಂಟೆಯೊಳಗೆ ಇಡೀ ಕೋಣೆ ನನ್ನ ಕೈಯಲ್ಲಿ. ಯಾರ್ಯಾರಿಗೆ ಎಷ್ಟು ಹೊತ್ತಿಗೆ ಬಸ್ಸಿದೆಯೋ ಆ ಪ್ರಕಾರ ಟೋಕನ್ ಬದಲಿಸಿ ಕೂರಿಸಿದೆ. ಒಬ್ಬರಾದರೂ ಬಸ್ ತಪ್ಪಿಸಿಕೊಳ್ಳಲಿಲ್ಲ. ನಾಲ್ಕು ಗಂಟೆಗೆ ಕೌಂಟರ್ ಮುಚ್ಚಿದಾಗ ನನ್ನ ಕೈಯಲ್ಲಿ ಅರವತ್ತನಾಲ್ಕನೇ ಟೋಕನ್ ಇತ್ತು. ಮುಂದಿನ ವಾರವೂ ಹಾಗೇ ಆಯಿತು. ಎಲ್ಲರೂ ಹತ್ತಿದ ಮೇಲೆ ಹತ್ತುವುದೇ ನಮ್ಮ ಅಭ್ಯಾಸ ಅಲ್ಲವೇ, ಏನು ಮಾಡುವುದು.

ಕಂಡಕ್ಟರಮ್ಮ

*

ಮಾರ್ಚ್ ೧೦

ತಂಗಿ,

ಟೋಕನ್ನಿನ ಕತೆ ಓದಿ ನಕ್ಕೆ. ಮಗಳನ್ನು ಕರೆದು ಅವಳಿಗೂ ಓದಿ ಹೇಳಿದೆ. ಅವಳು ನಗಲಿಲ್ಲ. ‘ಅಪ್ಪಾ, ಆಸ್ಪತ್ರೆಯವರ ಲೆಕ್ಕದಲ್ಲಿ ಅತ್ತೆ ಎರಡು ಸಲನೂ ಬಂದೇ ಇಲ್ಲ’ ಎಂದಳು. ಆಗ ನನ್ನ ನಗು ನಿಂತುಹೋಯಿತು.

ಆರಂಭ ಎಂದರೆ ಸಮಯವಿದೆ ಎಂದಲ್ಲ. ಆರಂಭ ಎಂದರೆ ಈಗ ತೆಗೆಯಬಹುದು, ಆಮೇಲೆ ಆಗದಿರಬಹುದು ಎಂದು. ಇದು ನನಗೆ ಹೇಗೆ ಗೊತ್ತು ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನಿನ್ನ ಅತ್ತಿಗೆಗೆ ಏಕಾಏಕಿ ಕಾಯಿಲೆ ಬಂತು, ನಾಲ್ಕು ತಿಂಗಳಲ್ಲಿ ಹೋದಳು ಎಂದು ಡಿಪೋದಲ್ಲಿ ಎಲ್ಲರಿಗೂ ಹೇಳಿದ್ದೆ. ನಿಜವೆಂದು ನಾನೂ ನಂಬಿದ್ದೆ. ಅವಳು ಹೋದ ಮೇಲೆ ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ಆಸ್ಪತ್ರೆಯ ಚೀಟಿಗಳು ಸಿಕ್ಕಿದವು. ಅವಳಿಗೆ ಗೊತ್ತಾಗಿ ಒಂದು ವರ್ಷವಾಗಿತ್ತು. ಮೊದಲ ಚೀಟಿಯಲ್ಲಿ ಇದ್ದದ್ದೂ ಅದೇ, ಆರಂಭದ ಹಂತ.

ಅವಳು ಹಾಸಿಗೆಯಲ್ಲಿ ನನ್ನ ಎಡಗಡೆ ಮಲಗುತ್ತಿದ್ದಳು. ನನಗೆ ಎಡಗಿವಿ ಕೇಳಿಸದು. ಒಂದು ವರ್ಷ ನನ್ನ ಪಕ್ಕದಲ್ಲಿ ಕೆಮ್ಮಿದ್ದಾಳೆ, ನಾನು ಸುಖವಾಗಿ ನಿದ್ದೆ ಮಾಡಿದ್ದೇನೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಮಗಳಿಗೂ.

ನಿನ್ನ ಕೆಮ್ಮು ಕಾಗದದಲ್ಲಾದರೂ ಕೇಳಿಸುತ್ತಿದೆ. ಆ ಫಾರಂ ವಾಪಸು ಕೇಳಿ ಇಸಿದುಕೊಂಡು ನನ್ನ ಹೆಸರು ಬರೆ. ಸಂಬಂಧ ಅಣ್ಣ. ಮತ್ತೆ ಆ ಕಾಯುವ ಕೋಣೆಗೆ ಹೋದಾಗ ಯಾರ ಊರನ್ನೂ ಕೇಳಬೇಡ. ಕಣ್ಣು ಮುಚ್ಚಿ ಕೂತುಕೋ. ಟೋಕನ್ ಕೂಗಿದರೆ ಎದ್ದು ಹೋಗು. ಒಂದು ದಿನ ಪ್ರಯಾಣಿಕಳಾಗಲು ನಿನ್ನಿಂದ ಆಗುವುದಿಲ್ಲವೇ?

ಅಣ್ಣ

*

ಮಾರ್ಚ್ ೧೯

ಅಣ್ಣ,

ನಿಮ್ಮ ಹೆಸರು ಬರೆಯಲು ನನಗೆ ಯೋಗ್ಯತೆ ಇಲ್ಲ. ಯಾಕೆಂದು ಹೇಳುತ್ತೇನೆ. ಹೇಳಿದ ಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ.

ಅತ್ತಿಗೆ ಆಸ್ಪತ್ರೆಗೆ ಹೋದದ್ದು ನಮ್ಮ ಬಸ್ಸಿನಲ್ಲೇ. ಮೂರು ಸಲ. ಮಾರುಕಟ್ಟೆ ಸ್ಟಾಪಿನಲ್ಲಿ ಹಿಂದಿನ ಬಾಗಿಲಿನಿಂದ ಹತ್ತಿ, ನಿಮ್ಮ ಕನ್ನಡಿಗೆ ಕಾಣದ ಕೊನೆಯ ಸೀಟಿನ ಮೂಲೆಯಲ್ಲಿ ಕೂರುತ್ತಿದ್ದರು. ಮೊದಲ ಸಲವೇ ಕೇಳಿದೆ. ನನ್ನ ಕೈ ಹಿಡಿದುಕೊಂಡು ಹೇಳಿದರು, ‘ಅವರಿಗೆ ಹೇಳಬೇಡ ಕಣೇ. ಗಾಡಿ ಓಡಿಸೋವಾಗ ತಲೆ ಕೆಡಿಸ್ಕೊಂಡ್ರೆ ಇಷ್ಟು ಜನರ ಗತಿ ಏನು?’ ನನಗೆ ಅದು ದೊಡ್ಡ ಮಾತಾಗಿ ಕೇಳಿಸಿತು. ಎಂಥ ಹೆಂಗಸು ಎಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ. ತನ್ನ ಎದೆಯಲ್ಲಿ ಅಂಥದ್ದನ್ನು ಇಟ್ಟುಕೊಂಡು ಬಸ್ಸಿನಲ್ಲಿ ಕೂತ ಅಷ್ಟೂ ಜನರ ಬಗ್ಗೆ ಯೋಚಿಸುವುದು ಎಲ್ಲರಿಂದಾಗುವ ಕೆಲಸವಲ್ಲ.

ಮೂರನೇ ಸಲ ವಾಪಸು ಬರುವಾಗ, ‘ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಂತಾರೆ, ಆಮೇಲೆ ನೋಡೋಣ’ ಎಂದರು. ನಾನು ಬರುತ್ತೇನೆ ಎನ್ನಬಹುದಿತ್ತು. ನನಗೆ ವಾರಕ್ಕೊಂದು ರಜೆ ಇತ್ತು. ಸೀದಾ ಮುಂದೆ ಬಂದು ನಿಮ್ಮ ಬೆನ್ನು ತಟ್ಟಿ ಹೇಳಬಹುದಿತ್ತು. ಟಿಕೆಟ್ ಹರಿದು ಕೊಟ್ಟು ಬೆಲ್ ಹೊಡೆದೆ. ನೀವು ಬಸ್ ಬಿಟ್ಟಿರಿ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಹಿಂದಿನ ಕಾಗದ ಬರೆಯುವಾಗಲೇ ಆಸ್ಪತ್ರೆಯ ಉತ್ತರ ನನ್ನ ಕೈಯಲ್ಲಿತ್ತು. ಎರಡು ಬಾರಿ ಗೈರು, ಒಂಟಿ ವಾಸ, ಸದ್ಯಕ್ಕೆ ಆಪರೇಷನ್ ಸೂಕ್ತವಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದು ಎಂದಿತ್ತು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅತ್ತಿಗೆಗೆ ಆದದ್ದೇ ನನಗೂ ಆದರೆ ಅದು ನ್ಯಾಯವೇ ಅನ್ನಿಸಿತು.

*

ಏಪ್ರಿಲ್ ೪

ಅಣ್ಣ,

ಹದಿನಾರು ದಿನವಾಯಿತು. ಕಾಗದ ತಲುಪಿದೆ ಎಂದು ಗೊತ್ತು, ನಿಮ್ಮೂರಿಗೆ ಟಪಾಲಿಗೆ ನಾಲ್ಕೇ ದಿನದ ದಾರಿ. ಉತ್ತರ ಬೇಡ. ನಿಮ್ಮ ಜಾಗದಲ್ಲಿ ನಾನಿದ್ದರೂ ಬರೆಯುತ್ತಿರಲಿಲ್ಲ.

ಆಸ್ಪತ್ರೆಗೆ ಮತ್ತೆ ಹೋಗಿಲ್ಲ. ಡ್ಯೂಟಿ ಮಾಡುತ್ತಿದ್ದೇನೆ. ಮೆಟ್ಟಿಲು ಹತ್ತುವಾಗ ಮಾತ್ರ ಸ್ವಲ್ಪ ಏದುಸಿರು.

*

ಮೇ ೯

ಅಣ್ಣ,

ಆಪರೇಷನ್ ಮಾಡಿಸಿ, ನನ್ನನ್ನು ಮನೆಗೆ ತಲುಪಿಸಿ ಊರಿಗೆ ಹೊರಟಾಗ ನಾನು ಅಳುತ್ತೇನೆಂದು ಹೆದರಿ, ನಾನು ಮಲಗಿದ್ದಾಗ ಹೋಗಿಬಿಟ್ಟಿರಂತೆ. ಗಡಿಯಾರ ಹೇಳಿದ. ಒಳ್ಳೆಯ ಕೆಲಸ ಮಾಡಿದಿರಿ, ಖಂಡಿತ ಅಳುತ್ತಿದ್ದೆ.

ನೀವು ಹೋದ ಮೇಲಿನ ವರದಿ ಒಪ್ಪಿಸುತ್ತೇನೆ. ನನ್ನನ್ನು ನೋಡಿಕೊಳ್ಳುವವರ ಡ್ಯೂಟಿ ಪಟ್ಟಿ ಸಲೀಸಾಗಿ ಓಡುತ್ತಿದೆ. ಬೆಳಿಗ್ಗೆ ಪಾಳಿಯ ಕಂಡಕ್ಟರುಗಳು ಮಧ್ಯಾಹ್ನ ಬರುತ್ತಾರೆ, ಮಧ್ಯಾಹ್ನದವರು ಬೆಳಿಗ್ಗೆ. ಒಬ್ಬರು ಬರುವವರೆಗೆ ಇನ್ನೊಬ್ಬರು ಕದಲುವಂತಿಲ್ಲ, ಡಿಪೋದ ನಿಯಮವೇ ಇಲ್ಲೂ. ಗಡಿಯಾರ ಗೋಡೆಗೆ ಒಂದು ಲಾಗ್ ಪುಸ್ತಕ ತೂಗುಹಾಕಿದ್ದಾನಲ್ಲ, ಅದರಲ್ಲಿ ಪ್ರತಿಯೊಬ್ಬರೂ ಬರೆದು ಸಹಿ ಹಾಕಬೇಕು. ಜ್ವರ ಎಷ್ಟು, ಎಷ್ಟು ಉಂಡಳು, ಎಷ್ಟು ಹೆಜ್ಜೆ ನಡೆದಳು, ಶ್ವಾಸಕೋಶದ ವ್ಯಾಯಾಮಕ್ಕೆ ಕೊಟ್ಟ ಉಸಿರೆಳೆಯುವ ಡಬ್ಬಿಯಲ್ಲಿ ಎಷ್ಟು ಗುಂಡು ಮೇಲೆದ್ದವು. ಡಿಪೋದ ಮೆಕ್ಯಾನಿಕ್ ಮಾತ್ರ ‘ಗಾಡಿಯಲ್ಲಿ ಸದ್ದು ಕಡಿಮೆಯಾಗಿದೆ, ಪಿಕಪ್ ಇಲ್ಲ’ ಎಂದು ಬರೆದು ಹೋಗಿದ್ದಾನೆ.

ನಾವು ಅದನ್ನು ನೋಡಿ ನಗುತ್ತಿದ್ದೆವು. ಆದರೆ ಪಟ್ಟಿಯ ಹನ್ನೊಂದನೇ ದಿನ ಮಧ್ಯಾಹ್ನ ಬಂದ ಹುಡುಗಿ, ಅದೇ ಹೋದ ವರ್ಷ ಸೇರಿದ ಮೆಲುಮಾತಿನವಳು, ಹಿಂದಿನ ಪುಟಗಳನ್ನು ತಿರುವಿದಳು. ಎರಡು ದಿನದಿಂದ ಪ್ರತಿ ಪಾಳಿಯಲ್ಲೂ ಜ್ವರ ಒಂದು ಗೀಟು ಏರಿದೆ. ಒಬ್ಬೊಬ್ಬರಿಗೆ ಕಂಡದ್ದು ಒಂದು ಗೀಟು, ಯಾರೂ ಗಾಬರಿಯಾಗಿರಲಿಲ್ಲ. ಇವಳು ಎಲ್ಲ ಕೂಡಿಸಿ ನೋಡಿದಳು. ನನಗೆ ಏನೂ ಆಗಿಲ್ಲ ಎಂದು ನಾನು ವಾದ ಮಾಡುತ್ತಿದ್ದಾಗಲೇ ಆಟೋ ತರಿಸಿದಳು. ಎದೆಯೊಳಗೆ ಕೀವು ಕಟ್ಟಲು ಶುರುವಾಗಿತ್ತಂತೆ. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಐದು ದಿನ ಇಟ್ಟುಕೊಂಡು ಕಳಿಸಿದರು. ಈಗ ಮೂರೂ ಗುಂಡು ಮೇಲೇಳುತ್ತವೆ.

ಆ ಹುಡುಗಿಯ ಮುಂದೆ ನಾನು ಏನೂ ಅಲ್ಲ. ಅವಳಿಗೆ ಇಪ್ಪತ್ನಾಲ್ಕು ವರ್ಷ, ಅಣ್ಣ.

ನನಗೆ ಒಂದು ವಿಷಯ ಬೇಕು. ನೀವು ಹೇಗೆ ಬಂದಿರಿ, ಯಾಕೆ ಬಂದಿರಿ, ನನ್ನನ್ನು ಒಳಗೆ ಕರೆದೊಯ್ದ ಮೇಲೆ ಹೊರಗೆ ಏನಾಯಿತು? ಎದುರಿಗಿದ್ದಾಗ ಕೇಳಿದರೆ ಕಿವಿ ಕೇಳಿಸದವರ ಹಾಗೆ ಕೂತಿರಿ.

*

ಮೇ ೧೮

ತಂಗಿ,

ಬಲಗಿವಿಗೆ ಚೆನ್ನಾಗಿಯೇ ಕೇಳಿಸಿತ್ತು.

ಕಾಗದ ಓದಿ ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಹನ್ನೊಂದು ದಿನ ಇತ್ತು. ನಿನ್ನ ಮೇಲೆ, ಅವಳ ಮೇಲೆ, ಆ ಬಸ್ಸಿನ ಮೇಲೆ. ನನ್ನ ಹೆಂಡತಿಯನ್ನು ನಾನೇ ಮೂರು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಿಟ್ಟಿದ್ದೇನೆ, ನನಗೇ ಗೊತ್ತಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ದಂತವೈದ್ಯನಿಗೆ ಬೈದುಬಿಟ್ಟೆ. ಪಾಪ, ಅವನು ಆ ದಿನ ಸರಿಯಾಗಿಯೇ ಓಡಿಸಿದ್ದ.

ಹನ್ನೆರಡನೇ ದಿನ ಬೆಳಿಗ್ಗೆ ಮುಖ ತೊಳೆಯುವಾಗ ಒಂದು ಯೋಚನೆ ಬಂತು. ನಾನು ಇಲ್ಲಿ ಸಿಟ್ಟು ಮಾಡಿಕೊಂಡು ಕೂತಿದ್ದರೆ ಆ ಗುಂಡಿಯಷ್ಟಿದ್ದದ್ದು ಅಲ್ಲಿ ಸುಮ್ಮನೆ ಕೂರುತ್ತದೆಯೇ? ಮುಖ ಒರೆಸಿಕೊಂಡು ಹೊರಟೆ. ನಿನ್ನ ಏಪ್ರಿಲ್ ಕಾಗದ ನಾನು ಹೊರಟ ಮೇಲೆ ಇಲ್ಲಿಗೆ ಬಂದಿದೆ. ವಾಪಸು ಬಂದ ಮೇಲೆ ಓದಿದೆ. ಅದು ಬರಲಿ ಎಂದು ಕಾದಿದ್ದರೆ ಇನ್ನೂ ತಡವಾಗುತ್ತಿತ್ತು.

ನಿನ್ನ ಮನೆಗೆ ಬರುವ ಮುಂಚೆ ಡಿಪೋಗೆ ಹೋದೆ. ನಾನೊಬ್ಬನೇ ಹೋಗಿ ಅಣ್ಣ ಎಂದರೆ ಆಸ್ಪತ್ರೆಯವರು ನಂಬುವುದು ಕಷ್ಟ, ಒಂದು ತಿಂಗಳು ಹಗಲು ರಾತ್ರಿ ನೋಡಿಕೊಳ್ಳಲು ನನ್ನೊಬ್ಬನಿಂದ ಆಗುವುದೂ ಇಲ್ಲ. ಗಡಿಯಾರನಿಗೆ ವಿಷಯ ಹೇಳಿದೆ. ಅವನು ಡ್ಯೂಟಿ ಚಾರ್ಟಿನ ದೊಡ್ಡ ಹಾಳೆ ತೆಗೆದು ಮೂವತ್ತು ಮನೆ ಗೀಚಿದ. ರೂಟ್ ನಂಬರಿನ ಜಾಗದಲ್ಲಿ ನಿನ್ನ ಮನೆಯ ವಿಳಾಸ ಬರೆದ. ಊಟದ ಹೊತ್ತಿಗೆ ಹಾಳೆ ತುಂಬಿತ್ತು, ಬದಲಿ ಆಳುಗಳ ಹೆಸರು ಬೇರೆ. ನಿನ್ನ ಹತ್ತಿರ ಒಂದು ದಿನವೂ ಸರಿಯಾಗಿ ಮಾತಾಡದ ಆ ಚೆಕಿಂಗ್ ಇನ್ಸ್‌ಪೆಕ್ಟರ್ ಬಂದು ಎರಡು ಭಾನುವಾರ ತಾನೇ ಬರೆದುಕೊಂಡು ಹೋದ. ನೀನು ಕೆಲಸಕ್ಕೆ ಸೇರಿದಾಗಿನಿಂದ ಈ ಇಪ್ಪತ್ತೆರಡು ವರ್ಷ ಯಾರ್ಯಾರ ಡ್ಯೂಟಿ ಬದಲಿಸಿಕೊಂಡು ಅವರ ಮದುವೆ, ಬಾಣಂತನ, ಸಾವು ಸುಧಾರಿಸಿದ್ದೀಯೋ ಅವರೆಲ್ಲ ಬಂದರು. ನೀನು ಯಾರೂ ಇಲ್ಲ ಎಂದು ಬರೆದೆಯಲ್ಲ, ಆಗ ಇವರೆಲ್ಲ ಎಲ್ಲಿದ್ದರು ಎಂದು ಕೇಳಬೇಡ. ಡಿಪೋದಲ್ಲೇ ಇದ್ದರು. ಹೇಳಿದವರಿರಲಿಲ್ಲ.

ಆ ಹಾಳೆಯನ್ನು ಸುರುಳಿ ಸುತ್ತಿಕೊಂಡು ನಾವಿಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ಮೇಜಿನ ಮೇಲೆ ಬಿಡಿಸಿದೆವು, ನಾಲ್ಕು ಮೂಲೆಗೂ ಏನಾದರೂ ಭಾರ ಇಡಬೇಕಾಯಿತು. ಆಕೆ ಕನ್ನಡಕ ಏರಿಸಿಕೊಂಡು ಒಂದೊಂದು ಹೆಸರನ್ನೂ ಓದಿದರು. ಆಮೇಲೆ, ‘ನಮ್ಮ ಆಸ್ಪತ್ರೆಯಲ್ಲೇ ಇಷ್ಟು ಚೆನ್ನಾಗಿ ಪಟ್ಟಿ ಹಾಕೋರಿಲ್ಲ. ಗುರುವಾರ ಕರ್ಕೊಂಡು ಬನ್ನಿ’ ಎಂದರು. ಗಡಿಯಾರ ಹೊರಗೆ ಬಂದವನೇ ಎರಡು ಕನ್ನಡಕವನ್ನೂ ತೆಗೆದು ಒರೆಸಿಕೊಂಡ.

ಆಪರೇಷನ್ ದಿನದ್ದು ಕೇಳಿದೆಯಲ್ಲ. ನಿನ್ನನ್ನು ಒಳಗೆ ಕರೆದೊಯ್ದ ಮೇಲೆ ಬಾಗಿಲಲ್ಲಿದ್ದವನು ನೀವು ಯಾರು ಎಂದ. ಬಾಯಿ ತಪ್ಪಿ ಡ್ರೈವರ್ ಎಂದುಬಿಟ್ಟೆ. ಗಾಡಿ ಹತ್ತಿರ ಇರಿ, ಕರೆಯುತ್ತೇವೆ ಎಂದು ಪಾರ್ಕಿಂಗಿಗೆ ಕಳಿಸಿದ. ಎರಡು ಗಂಟೆ ಯಾರದೋ ಕಾರಿನ ಪಕ್ಕ ನಿಂತಿದ್ದೆ. ಗಡಿಯಾರ ಹುಡುಕಿಕೊಂಡು ಬಂದು ಕೈ ಹಿಡಿದು ಮೇಲೆ ಎಳೆದೊಯ್ದ. ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದಿದ್ದರು. ಪೂರ್ತಿ ತೆಗೆದಿದ್ದೇವೆ ಎಂದರು. ಎಡಗಡೆ ನಿಂತು ಹೇಳಿದರು, ನನಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡೆ. ಮೂರನೇ ಸಲವೂ ಕೇಳಿದೆ, ಅದು ಕಿವಿಯ ತಪ್ಪಲ್ಲ.

ಸಿಟ್ಟು ಹೋಯಿತೇ ಎಂದು ನೀನು ಕೇಳಿಲ್ಲ. ನಿನ್ನ ಮೇಲಿನದು ಹೋಗಿದೆ. ಮಗಳಿಗೆ ಎಲ್ಲ ಹೇಳಿದೆ.

ಅಣ್ಣ

*

ನವೆಂಬರ್ ೨೦

ಅಣ್ಣ,

ಆರು ತಿಂಗಳ ಸ್ಕ್ಯಾನ್ ಆಯಿತು. ಏನೂ ಇಲ್ಲ. ಸೋಮವಾರದಿಂದ ಡ್ಯೂಟಿಗೆ ಬರಬಹುದು ಎಂದು ಬರೆದುಕೊಟ್ಟಿದ್ದಾರೆ. ನಿಮಗೇ ಮೊದಲು ತಿಳಿಸಬೇಕೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ.

ಒಳಗೆ ಡಾಕ್ಟರಮ್ಮ ಫೋನಿನಲ್ಲಿದ್ದಾಗ ನನ್ನ ಫೈಲು ಮೇಜಿನ ಮೇಲೆ ತೆರೆದಿತ್ತು. ಅತ್ತ ಕಣ್ಣು ಹೋಯಿತು. ಮೊದಲ ಪುಟದಲ್ಲಿ ಯಾರದೋ ಅವಸರದ ಅಕ್ಷರದಲ್ಲಿ ಒಂದು ಸಾಲು: ‘ಒಂಟಿ. ನೋಡಿಕೊಳ್ಳುವವರಿಲ್ಲ. ಆಪರೇಷನ್ ಬೇಡ.’ ಅದರ ಮೇಲೆ ಉದ್ದಕ್ಕೂ ಒಂದು ಅಡ್ಡಗೆರೆ. ಪಕ್ಕದಲ್ಲಿ ಡಾಕ್ಟರಮ್ಮನ ಸಹಿ, ನೀವು ಮತ್ತು ಗಡಿಯಾರ ಹೋಗಿದ್ದ ದಿನದ ತಾರೀಖು.

ಫೋನ್ ಇಟ್ಟ ಮೇಲೆ ನಾನು ನೋಡುತ್ತಿದ್ದುದನ್ನು ಆಕೆ ಗಮನಿಸಿದರು. ಆ ಸಾಲು ಹಾಗೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ‘ಎಷ್ಟೋ ಜನರದ್ದು ಹಾಗೇ ಉಳಿಯುತ್ತಮ್ಮ’ ಎಂದರು. ಒಳ್ಳೆಯ ಹೆಂಗಸು, ಸುಳ್ಳು ಸಮಾಧಾನ ಹೇಳಲಿಲ್ಲ.

ಹೊರಗೆ ಬಂದು ಕೂತಾಗಿನಿಂದ ಒಂದೇ ಯೋಚನೆ. ಬರೆಯಬೇಕೋ ಬೇಡವೋ ಎಂದು ಪೆನ್ನು ಎರಡು ಸಲ ಮುಚ್ಚಿದೆ. ಆದರೆ ಇನ್ನು ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಮೂರು ಸಲವೂ ಒಬ್ಬರೇ ಹೋದ ಅತ್ತಿಗೆಯ ಫೈಲಿನಲ್ಲೂ ಇಂಥದೇ ಒಂದು ಸಾಲು ಇದ್ದಿರಬೇಕು. ಅದಕ್ಕೆ ಗೆರೆ ಹೊಡೆಸಲು ಒಬ್ಬರು ಸಾಕಾಗಿತ್ತು. ನಾವಿಬ್ಬರಿದ್ದೆವು, ಅದೇ ಬಸ್ಸಿನಲ್ಲಿ.

ನಿಮ್ಮ ತಂಗಿ